ಕೊಕ್ಕರೆ ದಿನಕ್ಕೆ ಹಲೋ ಅಣ್ಣನ ಮೈಕು

ಊರೆಲ್ಲ ಅವರನ್ನು ಹಲೋ ಅಣ್ಣ ಎಂದು ಕರೆಯುತ್ತದೆ. ನನಗೆ ಅವರು ಭಾವ, ಅಕ್ಕನ ಗಂಡ. ಇಪ್ಪತ್ತೈದು ವರ್ಷದಿಂದ ನಮ್ಮ ಕಡೆ ಎಲ್ಲಿ ಸಭೆ ಸೇರಲಿ, ಯಾವ ಶಾಲೆಯಲ್ಲಿ ಆಟೋಟ ನಡೆಯಲಿ, ಮೈಕ್‌ಸೆಟ್ ಅವರದೇ. ಮಂತ್ರಿ ಬರಲಿ, ಮೇಷ್ಟ್ರು ಬರಲಿ, ಮೈಕಿನಲ್ಲಿ ಮೊದಲ ಮಾತು ಭಾವನದು: "ಹಲೋ, ಹಲೋ, ಚೆಕ್." ಎಂಥ ದೊಡ್ಡ ಮನುಷ್ಯನಾದರೂ ಆಮೇಲೆ ಇವರ ಎಂಜಲು ಮೈಕಿನಲ್ಲೇ ಮಾತಾಡಬೇಕು ಎಂದು ಅಕ್ಕ ನಗುತ್ತಿದ್ದಳು.

ಜೋರಾಗಿ ಕೂಗಿಸುವುದು ಯಾರಿಗಾದರೂ ಬರುತ್ತದೆ. ಭಾವನಿಗೆ ಹೆಸರು ಬಂದದ್ದು ಹದಕ್ಕೆ. ಕೊನೆಯ ಬೆಂಚಿನಲ್ಲಿ ಕೂತವನಿಗೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಬೇಕು, ಮೊದಲ ಸಾಲಿನಲ್ಲಿ ತೊಡೆಯ ಮೇಲೆ ಮಲಗಿದ ಮಗು ಬೆಚ್ಚಬಾರದು. ಆಂಪ್ಲಿಫೈಯರ್ ಮುಂದೆ ಕಣ್ಣು ಮುಚ್ಚಿ ಕೂತು, ಎರಡು ಬೆರಳಲ್ಲಿ ಅದರ ತಿರುಪನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ಮಾಡುತ್ತಿದ್ದರು. ಆಗ ಅವರನ್ನು ಮಾತಾಡಿಸಿದರೆ ಸಿಡುಕುತ್ತಿದ್ದರು. ಮಿಕ್ಕಂತೆ ಸಾಧು ಮನುಷ್ಯ.

ಅವರ ಅಂಗಡಿಗೂ ನನ್ನ ಇಸ್ತ್ರಿ ಅಂಗಡಿಗೂ ನಡುವೆ ಒಂದೇ ಗೋಡೆ. ಎರಡರ ತಲೆಯ ಮೇಲೂ ಬಸ್ ನಿಲ್ದಾಣದ ದೊಡ್ಡ ಮರ. ಮರದ ತುಂಬ ಕೊಕ್ಕರೆ. ಪ್ರತಿವರ್ಷ ಬಂದು, ಗೂಡು ಕಟ್ಟಿ, ಮರಿ ಮಾಡಿ, ಹಾರಲು ಕಲಿಸಿ ಕರೆದುಕೊಂಡು ಹೋಗುತ್ತವೆ. ನೋಡಲು ಬರುವವರಿಗೆ ಬಹಳ ಚಂದ. ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಯ ಮೇಲೆ ಪಿಚಕ್ಕೆಂದು ಹಿಕ್ಕೆ ಬಿದ್ದರೆ ಮತ್ತೆ ಒಗೆಯುವವಳು ನಾನು. ನಿಮ್ಮ ವಂಶ ನಿರ್ವಂಶವಾಗಲಿ ಎಂದು ತಲೆಯೆತ್ತಿ ಬೈಯುತ್ತಿದ್ದೆ. ಭಾವ ತಮ್ಮ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ನಗುತ್ತಿದ್ದರು. "ಮೇಲಿನ ಮನೆಯವರ ಜೊತೆ ಜಗಳ ಆಡಿ ಯಾರಮ್ಮ ಗೆದ್ದಿದಾರೆ? ಸುಮ್ನೆ ಕೊಡೆ ಕಟ್ಕೋ," ಎನ್ನುತ್ತಿದ್ದರು. ಮಧ್ಯಾಹ್ನವೆಲ್ಲ ಆ ಸ್ಟೂಲಿನ ಮೇಲೆ ಕೂತು ಕೊಕ್ಕರೆ ನೋಡುವುದೇ ಅವರ ಕೆಲಸ. ಯಾವ ಗೂಡಿನಲ್ಲಿ ಎಷ್ಟು ಮರಿ, ಯಾವುದು ಸೋಮಾರಿ, ಯಾವುದು ಪಕ್ಕದ ಗೂಡಿನ ಕಡ್ಡಿ ಕದಿಯುವ ಕಳ್ಳಿ, ಎಲ್ಲ ಪುರಾಣ ನನಗೆ ಹೇಳಬೇಕು. ನಾನು ಇಸ್ತ್ರಿ ತಿಕ್ಕುತ್ತ ಹೂಂಗುಡಬೇಕು.

ಮೂರ್ನಾಲ್ಕು ವರ್ಷದ ಹಿಂದೆ ಅವರಿಗೆ ಕಿವಿ ಕೈಕೊಟ್ಟಿತು. ಮೊದಲು ಹೋದದ್ದು ಸಣ್ಣ ದನಿಗಳು: ಸೈಕಲ್ ಬೆಲ್ಲು, ಬಸ್ ಕಂಡಕ್ಟರನ ಸೀಟಿ. ಆಮೇಲೆ ನಿಧಾನಕ್ಕೆ ಮಾತೂ ಹೋಯಿತು. ಎದುರಿಗೆ ನಿಂತು ಬಾಯಿ ಬಿಟ್ಟು ಹೇಳಿದರೆ ತಿಳಿಯುತ್ತದೆ, ಬೆನ್ನ ಹಿಂದೆ ಕೂಗಿದರೆ ಇಲ್ಲ. ಆಯುಷ್ಯವೆಲ್ಲ ದೊಡ್ಡ ಸ್ಪೀಕರ್ ಬಾಕ್ಸುಗಳ ಪಕ್ಕದಲ್ಲಿ ಕೂತದ್ದರ ಫಲ ಇದು, ಮಷೀನು ಹಾಕಿಕೊಳ್ಳಿ ಎಂದರು ಡಾಕ್ಟರು. ಭಾವ ಸುತರಾಂ ಒಪ್ಪಲಿಲ್ಲ. "ಮೈಕಿನವನೇ ಕಿವಿಗೆ ಮಷೀನು ಸಿಗಿಸ್ಕೊಂಡು ಕೂತ್ರೆ ಯಾರು ಕರೀತಾರೆ? ನಾಲಿಗೆ ಸತ್ತ ಅಡಿಗೆಯವನ ಕೈಲಿ ಯಾರಾದ್ರೂ ಅಡಿಗೆ ಮಾಡಿಸ್ತಾರಾ?" ಎಂದರು. ಪಕ್ಕದ ಊರಿನಲ್ಲಿ ಗುಡುಗು ಎಂಬ ಅಡ್ಡಹೆಸರಿನ ಇನ್ನೊಬ್ಬ ಮೈಕಿನವನು ಇವರ ಗಿರಾಕಿಗಳಿಗೆ ಬಾಯಿ ಬಿಟ್ಟುಕೊಂಡು ಕಾದಿದ್ದ. ಅದೂ ನಿಜವೇ.

ಉಪಾಯ ಮಾಡಿದವಳು ಅಕ್ಕ. ಎಲ್ಲಿ ಕೆಲಸವಿದ್ದರೂ ಜೊತೆಗೆ ಹೋಗಿ ಮೊದಲ ಸಾಲಿನ ತುದಿಯಲ್ಲಿ ಕೂರುವುದು. ಕಿವಿಯೋಲೆ ಮುಟ್ಟಿಕೊಂಡರೆ ಜೋರಾಯಿತು, ಇಳಿಸಿ. ತಲೆಯ ಮೇಲೆ ಕೈಯಿಟ್ಟರೆ ಸಾಲದು, ಏರಿಸಿ. ಕೈ ಮಡಿಲಲ್ಲಿದ್ದರೆ ಸರಿಯಿದೆ. ಆಂಪ್ಲಿಫೈಯರಿನ ಮುಳ್ಳು ಪೆಟ್ಟಿಗೆಯ ಒಳಗಿನದನ್ನು ತೋರಿಸುತ್ತದೆ, ಹೊರಗೆ ಗಾಳಿ ಎತ್ತ, ಜನರ ಗುಜುಗುಜು ಎಷ್ಟು ಎನ್ನುವುದು ಅದಕ್ಕೇನು ಗೊತ್ತು? ಅದಕ್ಕೆ ಅಕ್ಕನ ಕಿವಿಯೇ ಬೇಕು. ಈ ವಯಸ್ಸಿನಲ್ಲೂ ಹೆಂಡತಿ ಗಂಡನ ಬೆನ್ನು ಬಿಡುವುದಿಲ್ಲ ಎಂದು ಜನ ಚುಡಾಯಿಸಿದರು. ಅಕ್ಕ ನಾಚಿದ ಹಾಗೆ ಮಾಡುತ್ತಿದ್ದಳು. ಗುಟ್ಟು ನಮ್ಮ ಮೂವರಲ್ಲೇ ಉಳಿಯಿತು.

ಇನ್ನು ಕೊಕ್ಕರೆ ದಿನದ ವಿಷಯ. ನಮ್ಮ ಹೊಳೆಯ ದಂಡೆಯ ಊರುಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಇದನ್ನು ಮಾಡುತ್ತವೆ, ಸರದಿಯ ಮೇಲೆ ಒಂದೊಂದು ವರ್ಷ ಒಂದೊಂದು ಊರಿನಲ್ಲಿ. ಬೆಳಿಗ್ಗೆ ಹೊಳೆಯ ದಡದ ಕಸ ತೆಗೆಯುತ್ತಾರೆ, ಮಕ್ಕಳು ಕಾಗದದ ರೆಕ್ಕೆ ಕಟ್ಟಿಕೊಂಡು ಬರುತ್ತಾರೆ, ದುರ್ಬೀನಿನಲ್ಲಿ ಗೂಡು ತೋರಿಸುತ್ತಾರೆ, ಆಮೇಲೆ ಭಾಷಣ. ಹೋದ ವರ್ಷ ಕೆಳದಂಡೆಯ ಊರಿನ ಸರದಿ. ಅಲ್ಲಿಗೆ ಗುಡುಗು ಹೋಗಿದ್ದ. ಅವನ ಬಾಕ್ಸುಗಳ ಅಬ್ಬರಕ್ಕೆ ಕೊಕ್ಕರೆಗಳು ದಿಗಿಲುಬಿದ್ದು ಎದ್ದವು, ಅವು ಎದ್ದ ರಭಸಕ್ಕೆ ಮರಿಗಳು ಗೂಡಿನಿಂದ ಉದುರಿದವು. ಕೊಕ್ಕರೆ ದಿನದಂದೇ ಕೊಕ್ಕರೆ ಮರಿಗಳನ್ನು ಬುಟ್ಟಿಯಲ್ಲಿ ತುಂಬಿ ಮಣ್ಣು ಮಾಡಿದರು. ಈ ವರ್ಷ ಆ ಊರಿನ ಮರಕ್ಕೆ ಒಂದೇ ಒಂದು ಹಕ್ಕಿ ಬರಲಿಲ್ಲ. ಹೊಳೆಯ ಉದ್ದಕ್ಕೂ ಗೂಡಿರುವ ದೊಡ್ಡ ಮರವೆಂದರೆ ಈಗ ನಮ್ಮ ಬಸ್ ನಿಲ್ದಾಣದ್ದು ಮಾತ್ರ. ಈ ಸಲ ಸರದಿ ನಮ್ಮದು. ಅದೇ ಹೊತ್ತಿಗೆ ನಿಲ್ದಾಣ ದೊಡ್ಡದು ಮಾಡಬೇಕು, ಮರ ಅಡ್ಡ ಬರುತ್ತದೆ ಎಂಬ ಮಾತು ನಗರಸಭೆಯಲ್ಲಿ ಎದ್ದಿತ್ತು. ಕಡಿಯುವುದೋ ಉಳಿಸುವುದೋ ಎನ್ನುವುದನ್ನು ಅಧ್ಯಕ್ಷರು ಕೊಕ್ಕರೆ ದಿನದ ವೇದಿಕೆಯಲ್ಲೇ ಹೇಳುವವರಿದ್ದರು.

ಕೊಕ್ಕರೆ ದಿನದ ಸಮಿತಿಗೆ ಹಿರಿಯರು ನಮ್ಮ ಶಾಲೆಯ ವಿಜ್ಞಾನದ ಟೀಚರ್. ಒಂದು ಸಂಜೆ ಭಾವನ ಅಂಗಡಿಗೆ ಬಂದು ಎದುರಿಗೇ ಕೂತರು. ಪಾಠ ಹೇಳುವ ಹಾಗೆ ಬಾಯಿ ಬಿಟ್ಟು ಮಾತಾಡುವವರು, ಹಾಗಾಗಿ ಭಾವನಿಗೆ ಪೂರ್ತಿ ತಿಳಿಯಿತು.

"ಹಲೋ ಅಣ್ಣ, ಮೈಕು ನೀವೇ ಹಾಕ್ಬೇಕು. ಮೈಕೇ ಬೇಡ ಅಂದ್ರೆ ಅಧ್ಯಕ್ಷರು ಬರಲ್ಲ. ಗುಡುಗು ಬಂದ್ರೆ ಮರಿ ಉಳಿಯಲ್ಲ. ಆ ಬಿಸಿಲಲ್ಲಿ ತಾಯಿ ಎದ್ದು ಹೋಯ್ತು ಅಂದ್ರೆ ಮರಿ ಬಾಡ್ಹೋಗುತ್ತೆ, ಅದಕ್ಕೂ ಮುಂಚೆ ಕಾಗೆ ಬಂದಿರುತ್ತೆ. ಹದ ನಿಮಗೊಬ್ರಿಗೇ ಗೊತ್ತು."

ಭಾವ ಆಗಲಿ ಎಂದುಬಿಟ್ಟರು.

ಮನೆಯಲ್ಲಿ ಅಕ್ಕ ಹೌಹಾರಿದಳು. "ಬೇಡ ರೀ. ಬೇರೆ ಕಡೆ ಒಂಚೂರು ಜೋರಾದ್ರೆ ಜನ ಬೈದು ಸುಮ್ನಾಗ್ತಾರೆ. ಇಲ್ಲಿ ಜೀವ ಹೋಗುತ್ತೆ."

"ನಾನು ಬೇಡ ಅಂದ್ರೆ ಅವನು ಬರ್ತಾನೆ."

"ಹಾಗಾದ್ರೆ ಟೀಚರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ."

"ಹೇಳಿ? ನಾಳೆಯಿಂದ ನಿನ್ನ ತಂಗಿ ಅಂಗಡೀಲಿ ಅಂಗಿ ಮಡಚ್ಲಾ?"

"ಮಡಚಿ, ಯಾರು ಬೇಡ ಅಂದ್ರು?" ಎಂದೆ ನಾನು ಒಲೆಯ ಹತ್ತಿರದಿಂದ. ನನ್ನ ಬೆನ್ನು ಅವರ ಕಡೆಗಿತ್ತು. ಭಾವನಿಗೆ ಕೇಳಿಸಲೇ ಇಲ್ಲ. ಅಕ್ಕ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದಳು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿತ್ತು ಮೂವರಿಗೂ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಆ ದಿನ ಬಂತು. ಬಸ್ಸುಗಳನ್ನೆಲ್ಲ ರಸ್ತೆಗೆ ಕಳಿಸಿ ನಿಲ್ದಾಣದ ಅಂಗಳದಲ್ಲಿ ವೇದಿಕೆ ಹಾಕಿದ್ದರು. ಭಾವ ದೊಡ್ಡ ಬಾಕ್ಸುಗಳನ್ನು ಅಂಗಡಿಯಿಂದ ಹೊರಗೇ ತರಲಿಲ್ಲ. ಮೊಣಕಾಲೆತ್ತರದ ಸಣ್ಣವನ್ನು ನೆಲದ ಮೇಲಿಟ್ಟು, ಮರಕ್ಕೆ ಬೆನ್ನು ಮಾಡಿಸಿದ್ದರು. ತಮ್ಮ ಮೇಜನ್ನು ಅಕ್ಕ ನೇರ ಕಾಣುವ ಹಾಗೆ ಹಾಕಿಕೊಂಡಿದ್ದರು. ನಾನು ಅಂಗಳದ ಇನ್ನೊಂದು ಬದಿಯಲ್ಲಿ ನೀರಿನ ಲೋಟ ಹಂಚುತ್ತಿದ್ದೆ. ಹೊಳೆಯ ದಂಡೆಯ ಅಷ್ಟೂ ಊರುಗಳ ಜನ ಬಂದಿದ್ದರು. ಭಾವನನ್ನು ಕೆಲಸಕ್ಕೆ ಕರೆಯುವವರೆಲ್ಲ ಅಲ್ಲೇ. ಗುಡುಗು ಕೂಡ ಹಿಂದೆ ಕಾಲಮೇಲೆ ಕಾಲು ಹಾಕಿ ಕೂತಿದ್ದ.

ಮೊದಲರ್ಧ ಬೆಣ್ಣೆಯ ಹಾಗೆ ಸಾಗಿತು. ಮಕ್ಕಳ ಹಾಡು, ಟೀಚರ್ ಮಾತು, ಅಕ್ಕನ ಕೈ ಮಡಿಲಲ್ಲೇ. ಮರದ ಮೇಲೆ ಕೊಕ್ಕರೆಗಳು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿದ್ದವು. ಆದರೆ ಅಧ್ಯಕ್ಷರು ಬಂದದ್ದು ತಡವಾಗಿ. ಬಿಸಿಲು ನೆತ್ತಿಗೇರಿತು. ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು ಎಂದು ಟೀಚರ್ ಕೈ ಹಿಸುಕಿಕೊಳ್ಳುತ್ತಿದ್ದರು.

ಅಧ್ಯಕ್ಷರು ಮೈಕು ಹಿಡಿದವರೇ, "ಹಿಂದಿನವ್ರಿಗೆ ಕೇಳ್ತಾ ಇಲ್ವಂತೆ, ಜೋರು ಮಾಡಪ್ಪ," ಎಂದು ಭಾವನ ಕಡೆ ಕೈ ಬೀಸಿದರು. ಭಾವ ಅಕ್ಕನನ್ನು ನೋಡಿದರು. ಕೈ ಮಡಿಲಲ್ಲೇ ಇತ್ತು. ಅವರು ಅಧ್ಯಕ್ಷರಿಗೆ ತಲೆಯಾಡಿಸಿ, ತಿರುಪನ್ನು ಮುಟ್ಟಿದ ಹಾಗೆ ಮಾಡಿ ಬಿಟ್ಟರು. ಒಂದಿಷ್ಟೂ ತಿರುಗಿಸಲಿಲ್ಲ. "ಹಾಂ, ಈಗ ಸರಿ ಆಯ್ತು ನೋಡಿ," ಎಂದರು ಅಧ್ಯಕ್ಷರು. ನನಗೆ ನಗು ತಡೆಯಲಾಗಲಿಲ್ಲ.

ಒಂದಷ್ಟು ಹೊತ್ತು ಹೊಳೆಯನ್ನು ಹೊಗಳಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು. "ಈಗ ಈ ಮರದ ವಿಷಯಕ್ಕೆ ಬರ್ತೀನಿ," ಎಂದರು. ಅಂಗಳವೆಲ್ಲ ಗಪ್‌ಚುಪ್. ಲೋಟ ಹಿಡಿದ ನನ್ನ ಕೈಯೂ ನಿಂತಿತು.

ಆಗಲೇ ಹೊಳೆಯ ಕಡೆಯಿಂದ ಒಂದು ಕೊಕ್ಕರೆ ಮೀನು ನುಂಗಿಕೊಂಡು ನಮ್ಮ ತಲೆಯ ಮೇಲೆ ಹಾದುಬಂತು. ಬರುತ್ತ ಬರುತ್ತ ಹಿಕ್ಕೆ ಹಾಕಿತು. ಅಷ್ಟು ಜನರಿದ್ದರೂ ಅದಕ್ಕೆ ಸಿಕ್ಕಿದ್ದು ಅಕ್ಕನ ನೆತ್ತಿಯೇ.

ಅಕ್ಕನ ಕೈ ತಲೆಗೆ ಹೋಯಿತು.

ಯಾರ ಕೈಯಾದರೂ ಹೋಗುತ್ತಿತ್ತು. ಭಾವ ಅದನ್ನು ಕಂಡರು, ತಿರುಪು ಏರಿಸಿದರು. ಅಧ್ಯಕ್ಷರ ದನಿ ದಪ್ಪಗಾಯಿತು. ಮರದಲ್ಲಿ ಒಂದಿಷ್ಟು ಕತ್ತುಗಳು ಮೇಲೆದ್ದವು. ಹಿಕ್ಕೆ ಹಣೆಗಿಳಿದು ಅಕ್ಕನ ಕಣ್ಣಿಗೆ ಹೋಗಿತ್ತು. ಕಣ್ಣು ಮುಚ್ಚಿಕೊಂಡು ಎರಡೂ ಕೈಯಲ್ಲಿ ತಲೆ ಒರೆಸತೊಡಗಿದಳು. ಎರಡೂ ಕೈ ಎನ್ನುವುದು ಅವರ ಲೆಕ್ಕದಲ್ಲೇ ಇರಲಿಲ್ಲ. ಭಾವ ಏನೆಂದುಕೊಂಡರೋ, ಯಾರಿಗೂ ಏನೂ ಕೇಳುತ್ತಲೇ ಇಲ್ಲವೇನೋ ಎಂದು ಗಾಬರಿಬಿದ್ದು ಇನ್ನಷ್ಟು ಏರಿಸಿದರು.

"ಭಾವಾ! ಇಳಿಸಿ! ಭಾವಾ!" ನಾನು ಲೋಟಗಳನ್ನು ಬಿಸಾಕಿ ಓಡಿದೆ. ಯಾರ ಬೆನ್ನಿಗೆ ಕೂಗುತ್ತಿದ್ದೇನೆ ಎನ್ನುವುದು ಕೂಗಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಬಾಕ್ಸು ಕುಂಯ್ಯೆಂದು ಸೀಳಿಕೊಂಡು ಕೂಗಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ಸಣ್ಣ ದನಿ ಭಾವನ ಕಿವಿಯಿಂದ ಎಂದೋ ಹೋಗಿತ್ತು. ಅವರು ಅಕ್ಕನ ಕಡೆಗೇ ನೋಡುತ್ತ ತಿರುಪಿನ ಮೇಲೆ ಬೆರಳಿಟ್ಟು ಕೂತಿದ್ದರು. ಅಕ್ಕ ಕಣ್ಣು ಬಿಟ್ಟು, ಏನಾಯಿತೆಂದು ತಿಳಿದು, ಓಲೆ ಕಿತ್ತುಬರುವ ಹಾಗೆ ಹಿಡಿದೆಳೆದಳು. ಆದರೆ ಮುಂದಿನವರೆಲ್ಲ ಎದ್ದು ನಿಂತಿದ್ದರು, ಭಾವನಿಗೆ ಅವಳು ಕಾಣಲಿಲ್ಲ.

ಮರ ಪೂರ್ತಿ ಎದ್ದಿತು. ಇರುವ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಿದವು.

ಅವುಗಳ ನೆರಳು ಭಾವನ ಮೇಜಿನ ಮೇಲೆ ಹಾದುಹೋಯಿತು. ಅವರು ನೆರಳು ನೋಡಿದರು, ಕತ್ತೆತ್ತಿ ಆಕಾಶ ನೋಡಿದರು, ತಿರುಗಿ ತಾಯಿಯಿಲ್ಲದ ಗೂಡುಗಳನ್ನು ನೋಡಿದರು. ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಗ್ಗಿ ವೈರನ್ನೇ ಹಿಡಿದು ಪ್ಲಗ್ಗು ಕಿತ್ತುಬಿಟ್ಟರು.

ಅಧ್ಯಕ್ಷರ ಬಾಯಿ ಆಡುತ್ತಿತ್ತು, ದನಿ ನಿಂತುಹೋಗಿತ್ತು. ಮೇಲೆ ಕೊಕ್ಕರೆಗಳು ಸುತ್ತುತ್ತಿದ್ದವು. ಗೂಡುಗಳ ಅಂಚಿನಲ್ಲಿ ಮರಿಗಳ ಬೋಳು ಕತ್ತುಗಳು ಬಿಸಿಲಿಗೆ ಅಲ್ಲಾಡುತ್ತಿದ್ದವು. ಎಲ್ಲಿದ್ದವೋ ಕಾಗೆಗಳು, ಮರದ ತುದಿಗೆ ಬಂದು ಕೂತೇಬಿಟ್ಟವು. ವರ್ಷಗಟ್ಟಲೆ ಆ ಹಕ್ಕಿಗಳಿಗೆ ಹಿಡಿಶಾಪ ಹಾಕಿದವಳು ನಾನು. ಆ ಹೊತ್ತಿನಲ್ಲಿ, ದೇವರೇ, ಒಂದೂ ಬೀಳದಿರಲಿ ಎಂದು ಬೇಡಿಕೊಂಡೆ. ನಾಚಿಕೆಯೇನೂ ಆಗಲಿಲ್ಲ.

"ಮೈಕು ಹಾಕ್ರಿ! ಯಾರ್ರೀ ತೆಗೆದಿದ್ದು?" ಅಧ್ಯಕ್ಷರು ಕೆಂಡವಾಗಿದ್ದರು. ಬೇಕೆಂದೇ ಬಾಯಿ ಕಟ್ಟಿದರು ಎಂದುಕೊಂಡಿರಬೇಕು. ಅವರ ಜೊತೆ ಬಂದಿದ್ದವನೊಬ್ಬ ಮೇಜಿನ ಹತ್ತಿರ ಬಂದು ಪ್ಲಗ್ಗಿಗೆ ಕೈ ಹಾಕಿದ. ಭಾವ ಅದನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡರು. ನಾನು ಅವರ ಪಕ್ಕಕ್ಕೆ ಬಂದಿದ್ದೆ. ಏನಾದರೊಂದು ಸುಳ್ಳು ಹೇಳಿ ಪಾರುಮಾಡೋಣ, ವೈರು ಸುಟ್ಟುಹೋಗಿದೆ ಎನ್ನೋಣ ಎಂದು ಬಾಯಿ ತೆರೆದೆ. ಭಾವ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಮೈಕಿಲ್ಲದೆ, ಬರೀ ಬಾಯಲ್ಲಿ ಹೇಳಿದರು.

"ಇನ್ನು ಹಾಕಲ್ಲ ಸ್ವಾಮಿ. ಎಷ್ಟು ಜೋರಿದೆ ಅಂತ ನನಗೆ ಗೊತ್ತಾಗಲ್ಲ. ನನಗೆ ಕಿವಿ ಹೋಗಿ ಮೂರ್ನಾಲ್ಕು ವರ್ಷ ಆಯ್ತು. ನನ್ನ ಹೆಂಡ್ತಿ ಕೈಸನ್ನೆ ನೋಡ್ಕೊಂಡು ಇಷ್ಟು ದಿನ ನಿಮಗೆಲ್ಲ ಮೈಕು ಹಾಕಿದೀನಿ. ತಪ್ಪಾಯ್ತು. ಹಾಕ್ದೇ ಇದ್ರೆ ಅವು ವಾಪಸ್ ಬರ್ತಾವೆ. ದಯವಿಟ್ಟು ಕೂತ್ಕೊಳ್ಳಿ, ಯಾರೂ ಮಾತಾಡ್ಬೇಡಿ."

ಅಷ್ಟೂ ಊರಿನವರೂ ಅದನ್ನು ಕೇಳಿದರು. ಗುಡುಗು ಹಾಕಿದ್ದ ಕಾಲು ಇಳಿಸಿದ. ಮೊದಲು ಕೂತವರು ಟೀಚರ್, ನೆಲದ ಮೇಲೇ. ಅವರನ್ನು ನೋಡಿ ಮಕ್ಕಳು, ಮಕ್ಕಳನ್ನು ನೋಡಿ ದೊಡ್ಡವರು. ಪ್ಲಗ್ಗಿಗೆ ಕೈ ಹಾಕಿದ್ದವನೂ ಕೂತ. ಅಧ್ಯಕ್ಷರು ಕೊನೆಯವರೆಗೆ ನಿಂತಿದ್ದರು. ಆಮೇಲೆ ವೇದಿಕೆಯ ಮೆಟ್ಟಿಲ ಮೇಲೆ ಕೂತು ಅವರೂ ಮೇಲೆ ನೋಡಿದರು.

ಒಂದು ಕಾಗೆ ಗೂಡೊಂದಕ್ಕೆ ಇಳಿದು, ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡು ಹೋಯಿತು. ಸಭೆಯಿಂದ ಅಯ್ಯೋ ಎಂಬ ಉಸಿರು ಬಂತು, ಮಾತು ಬರಲಿಲ್ಲ. ಆಮೇಲೆ ಒಂದು ಕೊಕ್ಕರೆ ಕಾಲು ಇಳಿಬಿಟ್ಟುಕೊಂಡು ಬಂದು ಮೇಲಿನ ಕೊಂಬೆಯಲ್ಲಿ ಕೂತಿತು. ಸುಮಾರು ಹೊತ್ತು ಅದೊಂದೇ. ನಂತರ ಇನ್ನೊಂದು. ನಂತರ ಒಟ್ಟೊಟ್ಟಿಗೆ ಇಳಿದವು, ಕಾಗೆಗಳನ್ನು ಕುಕ್ಕಿ ಓಡಿಸಿದವು, ಗೂಡುಗಳಲ್ಲಿ ಮತ್ತೆ ರೆಕ್ಕೆ ಅಗಲವಾದವು. ನಾನು ಅಳುತ್ತಿದ್ದೆ. ನನ್ನ ಪಕ್ಕದಲ್ಲಿ ಕೂತಿದ್ದ ಬಸ್ ಡ್ರೈವರ್ ಕೂಡ ಮೂಗು ಒರೆಸಿಕೊಂಡ.

ಈಗ ಅಧ್ಯಕ್ಷರು ಮಾತಾಡಬೇಕು, ಕೂಗುವಂತಿಲ್ಲ. ಮೆಟ್ಟಿಲಿಳಿದು ಬಂದು ಜನರ ನಡುವೆ ನಿಂತರು. ಜನ ಸದ್ದು ಮಾಡದೆ ಸರಿದು ಅವರ ಸುತ್ತ ಒತ್ತಾಗಿ ಸೇರಿದರು. ಮೊದಲೇ ಮನಸ್ಸು ಮಾಡಿಕೊಂಡು ಬಂದಿದ್ದರೋ, ಆ ಮೆಟ್ಟಿಲ ಮೇಲೆ ಕೂತಾಗ ಮನಸ್ಸು ಬದಲಾಯಿತೋ, ಅದನ್ನು ಅವರೇ ಹೇಳಬೇಕು. ಮಲಗಿದ ಮಗುವಿನ ಪಕ್ಕದಲ್ಲಿ ಮಾತಾಡುವ ಹಾಗೆ ತಗ್ಗಿದ ದನಿಯಲ್ಲಿ ಎರಡೇ ಮಾತು ಹೇಳಿದರು. ಮರ ಕಡಿಯುವುದಿಲ್ಲ. ನಿಲ್ದಾಣವನ್ನು ಮರ ಬಿಟ್ಟು ಇನ್ನೊಂದು ಕಡೆಗೆ ಬೆಳೆಸುತ್ತೇವೆ. ಮುಂದಿನವರು ಹಿಂದಿನವರಿಗೆ, ಅವರು ಅವರ ಹಿಂದಿನವರಿಗೆ ಕಿವಿಯಲ್ಲಿ ಹೇಳುತ್ತ ಹೋದರು. ಚಪ್ಪಾಳೆಗೆ ಎತ್ತಿದ ಕೈಗಳು ಟೀಚರ್ ಕಣ್ಣು ಬಿಟ್ಟದ್ದಕ್ಕೆ ಗಾಳಿಯಲ್ಲೇ ನಿಂತವು.

ಭಾವ ಮೇಜಿನ ಹಿಂದೆ ಒಬ್ಬರೇ ನಿಂತಿದ್ದರು. ಅವರಿಗೆ ಕಂಡದ್ದು ಜನರ ಬೆನ್ನು, ಮೇಲೆತ್ತಿದ ಕೈಗಳು, ಕೆಲವರ ಒದ್ದೆ ಕಣ್ಣು. ಒಳ್ಳೆಯದೋ ಕೆಟ್ಟದ್ದೋ ಅವರಿಗೆ ಗೊತ್ತಾಗಲಿಲ್ಲ. ಅಕ್ಕ ಜನರನ್ನು ಸರಿಸಿಕೊಂಡು ಬಂದಳು, ಕೂದಲೆಲ್ಲ ಹಿಕ್ಕೆ ಮೆತ್ತಿಕೊಂಡಿತ್ತು. ಭಾವ ಅವಳ ತೋಳು ಹಿಡಿದು, ಎಲ್ಲರಿಗೂ ಕೇಳುವಂತೆ ಕೇಳಿದರು: "ಏನಂದ್ರು ಅವ್ರು? ಮರ ಏನಾಯ್ತು?"

ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಅಕ್ಷರಕ್ಕೆ ಬಾಯಿ ಅಗಲವಾಗಿ ತೆರೆದು ಹೇಳಿದಳು.

"ಮ... ರ... ಇ... ರು... ತ್ತೆ."

ಗುಟ್ಟು ಬಯಲಾದೀತೆಂದು ಅಷ್ಟು ವರ್ಷ ಭಾವ ಯಾರ ಮುಂದೆಯೂ ಆಡದಿದ್ದ ಮಾತೊಂದನ್ನು ಆಗ ಆಡಿದರು.

"ಇನ್ನೊಂದ್ಸಲ ಹೇಳು."

ಅಕ್ಕ ಇನ್ನೊಂದು ಸಲ ಹೇಳಿದಳು.